ಕವಿಗೆ ಗುಳಿಗೆ ಬೇಡ ಎನ್ನುವವರಿಗೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯ ಮುಖಪುಟ ಲೇಖನ ಓದಿದೆ. ನೋವೇ ಕಲೆಯ ತಾಯಿ ಎಂದು ಲೇಖಕರು ಬರೆದಿದ್ದಾರೆ. ಚಿತ್ರಕಾರ ವ್ಯಾನ್ ಗೋ ಕಿವಿ ಕೊಯ್ದುಕೊಂಡದ್ದು ಬಂದಿದೆ. ಬೇಂದ್ರೆಯವರ ಮಕ್ಕಳು ತೀರಿಕೊಂಡದ್ದು ಬಂದಿದೆ. 'ಬೆಂದರೆ ಬೇಂದ್ರೆ' ಎಂಬ ಹಳೆಯ ಮಾತೂ ಬಂದಿದೆ. ಬರವಣಿಗೆ ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕೊನೆಯ ಪ್ಯಾರಾದಲ್ಲಿ ಒಂದು ಸಾಲಿದೆ. ಈಗಿನ ಹುಡುಗರು ಸಣ್ಣ ದುಃಖಕ್ಕೂ ಡಾಕ್ಟರ ಹತ್ತಿರ ಓಡುತ್ತಾರೆ, ಗುಳಿಗೆ ನುಂಗಿ ಮಲಗುತ್ತಾರೆ, ಅದಕ್ಕೇ ಈಗ ದೊಡ್ಡ ಕಾವ್ಯ ಹುಟ್ಟುತ್ತಿಲ್ಲ ಅಂತ. ಆ ಒಂದು ಸಾಲಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಾಹಿತಿ ಅಲ್ಲ. ಗದಗ-ಬೆಟಗೇರಿಯವನು. ನಮ್ಮದು ನೇಕಾರರ ಮನೆ. ನನಗೆ ಮಗ್ಗದ ಕೆಲಸ ಕೈಗೆ ಹತ್ತಲಿಲ್ಲ, ಮೀಸೆ ಬರುವ ಮೊದಲೇ ಒಂದು ಪ್ರೆಸ್ಸಿಗೆ ಸೇರಿದೆ. ಮೊದಲು ಅಕ್ಷರದ ಅಚ್ಚುಮೊಳೆ ಜೋಡಿಸುವ ಕೆಲಸ, ಆಮೇಲೆ ಪ್ರೂಫ್ ನೋಡುವುದು, ಅಚ್ಚು ಹಾಕುವ ಟ್ರೆಡಲ್ ಮಶಿನ್ ಮೂಲೆಗೆ ಹೋದ ಮೇಲೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ. ಗದಗಿನಲ್ಲಿ ಪ್ರೆಸ್ಸುಗಳಿಗೆ ಕಡಿಮೆಯಿಲ್ಲ, ಕವಿಗಳಿಗೂ ಕಡಿಮೆಯಿಲ್ಲ. ಹಾಗಾಗಿ ನನ್ನ ಜೀವಮಾನವೆಲ್ಲ ಬೇರೆಯವರ ಕವಿತೆಯ ಅಕ್ಷರಗಳ ನಡುವೆಯೇ ಹೋಯಿತು. ಸ್ವಂತ ಒಂದು ಸಾಲು ಬರೆದವನಲ್ಲ.

ಬರೆಯುವವನು ನನ್ನ ತಮ್ಮ. ಅವನು ಮಜೂರಿ ನೇಕಾರ. ಹಳ್ಳಿಯ ಜಾತ್ರೆಗಳಲ್ಲಿ ಊರವರೇ ಆಡುವ ನಾಟಕಗಳಿಗೆ ಹಾಡು ಕಟ್ಟಿಕೊಡುತ್ತಾನೆ. ನಾಟಕದ ಕಥೆ ಏನೇ ಇರಲಿ, ಅವನ ಹಾಡಿಗೆ ಜನ ಒನ್ಸ್ ಮೋರ್ ಅನ್ನುತ್ತಾರೆ. ಅವನಿಗೆ ಬೈಪೋಲಾರ್ ಎಂಬ ಕಾಯಿಲೆ ಇದೆ. ಮನಸ್ಸು ಕೆಲವು ಕಾಲ ಆಕಾಶಕ್ಕೇರುತ್ತದೆ, ಕೆಲವು ಕಾಲ ಪಾತಾಳಕ್ಕಿಳಿಯುತ್ತದೆ. ಏರಿದಾಗ ನಿದ್ದೆ ಬೇಡ, ಊಟ ಬೇಡ, ಮಾತು ನಿಲ್ಲುವುದಿಲ್ಲ, ಸಾಲ ಮಾಡಿ ಸಾಮಾನು ತರುತ್ತಾನೆ. ಇಳಿದಾಗ ಕೌದಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಸ್ನಾನ ಮಾಡಿಸಲಿಕ್ಕೂ ಇಬ್ಬರು ಬೇಕು.

ಲೇಖಕರು 'ಕತ್ತಲೆಯ ಗರ್ಭದಲ್ಲಿ ಕವಿತೆ ಮೊಳೆಯುತ್ತದೆ' ಎಂದು ಬರೆದಿದ್ದಾರಲ್ಲ, ಆ ಕತ್ತಲೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಲ್ಲಿ ಏನೂ ಮೊಳೆಯಲಿಲ್ಲ. ಆ ತಿಂಗಳುಗಳಲ್ಲಿ ತಮ್ಮ ಒಂದು ಸಾಲು ಬರೆಯಲಿಲ್ಲ, ಬೇರೆಯವರು ಬರೆದದ್ದನ್ನು ಓದಲೂ ಇಲ್ಲ. ಹಾರ್ಮೋನಿಯಂ ಮಾಸ್ತರರು ಮನೆಗೆ ಬಂದರೆ ಎದ್ದು ಕೂರುತ್ತಿರಲಿಲ್ಲ.

ಏರಿದ ದಿನಗಳಲ್ಲಿ ಬರೆಯುತ್ತಿದ್ದ, ಸುಳ್ಳು ಹೇಳಬಾರದು. ರಾತ್ರಿಯಿಡೀ ನೋಟ್‌ಬುಕ್ ತುಂಬಿಸುತ್ತಿದ್ದ. ಆ ನೋಟ್‌ಬುಕ್ಕುಗಳನ್ನು ನಾನು ಪ್ರೂಫ್ ನೋಡುವ ಕಣ್ಣಿನಿಂದಲೇ ನೋಡಿದ್ದೇನೆ. ಮೊದಲ ಕೆಲವು ಪುಟಗಳಲ್ಲಿ ಮೈ ಜುಮ್ಮೆನ್ನುವ ಸಾಲು ಸಿಗುತ್ತವೆ. ಮುಂದೆ ಹೋದಂತೆ ಪ್ರಾಸ ಮಾತ್ರ ಓಡುತ್ತದೆ, ಅರ್ಥ ಹಿಂದೆ ಉಳಿಯುತ್ತದೆ. ಇನ್ನೂ ಮುಂದೆ ಒಂದೇ ಸಾಲು, ಅದೇ ಸಾಲು, ಪುಟದ ತುಂಬ. ಕೊನೆಗೆ ಅಕ್ಷರವೂ ಅಲ್ಲ, ಬರೀ ಗೀಟು. ಆ ನೋಟ್‌ಬುಕ್ಕಿನಿಂದ ಸ್ಟೇಜಿಗೆ ಹೋದ ಹಾಡುಗಳಿವೆ. ಆದರೆ ಅವು ಹಾಡಾದದ್ದು ಅವನು ಚೇತರಿಸಿಕೊಂಡ ಮೇಲೆ. ಮಾಸ್ತರರ ಎದುರು ಕೂತು, ನೂರು ಸಾಲಿನಲ್ಲಿ ನಾಲ್ಕು ಹೆಕ್ಕಿ, ಹಾರ್ಮೋನಿಯಂ ಪೇಟಿಯ ಮೇಲೆ ಕೂರಿಸಿ, ಕೂರದಿದ್ದರೆ ಹೊಡೆದು ಹಾಕಿ, ಮತ್ತೆ ಬರೆದು.

ಇಷ್ಟು ಸರಿ ಹೋಗಲಿಕ್ಕೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಯ ಔಷಧಿ ಕಾರಣ. 1845ರಷ್ಟು ಹಿಂದಿನ ಆಸ್ಪತ್ರೆ ಅದು. ನಮ್ಮ ಕಡೆ ಯಾರಾದರೂ ಸ್ವಲ್ಪ ಹೆಚ್ಚುಕಡಿಮೆ ಮಾತಾಡಿದರೆ 'ಇವನ್ನ ಧಾರವಾಡಕ್ಕ ಕಳಸ್ರಿ' ಎಂದು ನಗುತ್ತಾರೆ. ನಾನೂ ನಕ್ಕವನೇ. ಕಳಿಸಬೇಕಾಗಿ ಬಂದಾಗ ಮಾತ್ರ ಆ ಮಾತಿಗೆ ನಗು ಬರುವುದಿಲ್ಲ.

ಗುಳಿಗೆ ನಡೆದಿತ್ತು, ಮಗ್ಗ ನಡೆದಿತ್ತು, ಹಾಡೂ ನಡೆದಿತ್ತು. ಆಗ ಒಂದು ಸಾಹಿತ್ಯ ಕಾರ್ಯಕ್ರಮದಲ್ಲಿ ತಮ್ಮನಿಗೆ ಒಬ್ಬ ಹೆಸರಾಂತ ಲೇಖಕರು ಸಿಕ್ಕರು. ಯಾರು, ಎಲ್ಲಿ ಎಂದು ಬರೆಯುವುದಿಲ್ಲ. ತಮ್ಮ ಭಕ್ತಿಯಿಂದ ಕಾಲು ಮುಟ್ಟಿ, ತನ್ನ ಹಾಡು ತೋರಿಸಿ, ಕಾಯಿಲೆಯ ವಿಷಯವನ್ನೂ ಹೇಳಿಕೊಂಡಿದ್ದಾನೆ. ಅವರು ಬೆನ್ನು ತಟ್ಟಿ, 'ಗುಳಿಗೆ ತಗೊಂಡರೆ ನಿನ್ನೊಳಗಿನ ಕವಿ ಸಾಯುತ್ತಾನೆ, ನೋವನ್ನು ಕಾಪಾಡಿಕೋ' ಅಂದರಂತೆ. ಊಟದ ಸಾಲಿನಲ್ಲಿ ನಿಂತಾಗ ಆಡಿದ ಮಾತು. ಅವರಿಗೆ ಈಗ ನೆನಪೂ ಇರಲಿಕ್ಕಿಲ್ಲ.

ತಮ್ಮ ಗುಳಿಗೆ ಬಿಟ್ಟ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ದೀಪಾವಳಿಯ ಹೊತ್ತಿಗೆ ನಿದ್ದೆ ಹೋಯಿತು. ಒಂದು ದಿನ ಮಗ್ಗದ ಮೇಲಿದ್ದ ಸೀರೆಯನ್ನು ಅರ್ಧಕ್ಕೇ ಕತ್ತರಿಸಿ, ಬಸ್ ಸ್ಟ್ಯಾಂಡಿನಲ್ಲಿ ಕಂಡ ಯಾರೋ ಹೆಣ್ಣುಮಗಳಿಗೆ ಕೊಟ್ಟು ಬಂದ. ನೂಲು ಮಾಲೀಕರದು. ಅದರ ದುಡ್ಡನ್ನು ಅವನ ಹೆಂಡತಿ ಮಜೂರಿಯಲ್ಲಿ ಮುರಿಸಿಕೊಂಡು ತೀರಿಸಿದಳು. ಆಮೇಲೆ ಇಳಿತ ಬಂತು. ಆ ಚಳಿಗಾಲದಲ್ಲಿ ಅವಳು ರಾತ್ರಿ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗುತ್ತಿದ್ದಳು. ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಈ 'ನೋವೇ ಕಲೆ' ಎಂಬ ಮಾತನ್ನು ಸುಮ್ನೆ ಚೆಂದದ ಮಾತು ಎಂದು ಬಿಟ್ಟುಬಿಡಲು ನನಗೆ ಆಗುವುದಿಲ್ಲ.

ಈಗ ಲೇಖನದ ಉದಾಹರಣೆಗಳಿಗೆ ಬರುತ್ತೇನೆ. ವ್ಯಾನ್ ಗೋ 1889ರ ಮೇ ತಿಂಗಳಿನಿಂದ ಒಂದು ವರ್ಷ ಫ್ರಾನ್ಸಿನ ಸೇಂಟ್ ರೆಮಿ ಎಂಬಲ್ಲಿ ಮಾನಸಿಕ ಆಸ್ಪತ್ರೆಯಲ್ಲಿದ್ದ. ಅಲ್ಲಿ ಸುಮಾರು 150 ಚಿತ್ರ ಬಿಡಿಸಿದ. ನಕ್ಷತ್ರದ ರಾತ್ರಿಯ ಆ ಪ್ರಸಿದ್ಧ ಚಿತ್ರವೂ ಅಲ್ಲಿಯದೇ. ಇಷ್ಟು ಕೇಳಿದರೆ ಹುಚ್ಚೇ ಕುಂಚ ಹಿಡಿಯಿತು ಅನ್ನಿಸುತ್ತದೆ. ಆದರೆ ಅವನು ಬಿಡಿಸಿದ್ದು ಕಾಯಿಲೆಯ ಹೊಡೆತಗಳ ನಡುವಿನ ಬಿಡುವಿನಲ್ಲಿ. ಹೊಡೆತ ಬಂದಾಗ ಬಣ್ಣವನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದ, ಅದಕ್ಕೆ ಬಣ್ಣದ ಟ್ಯೂಬುಗಳನ್ನು ಅವನಿಂದ ದೂರ ಇಡಬೇಕಾಗಿತ್ತು. ಈ ಕಾಯಿಲೆ ಇಲ್ಲದಿದ್ದರೆ ಇನ್ನೂ ಎಷ್ಟು ಕೆಲಸ ಮಾಡುತ್ತಿದ್ದೆನೋ ಎಂದು ಅವನೇ ತಮ್ಮನಿಗೆ ಕಾಗದ ಬರೆದು ಹಲುಬಿದ್ದಾನೆ. ನೋವಿನಿಂದಲೇ ಕಲೆ ಎನ್ನುವವರು ಆ ಕಾಗದ ಓದಿರುವುದಿಲ್ಲ, ಓದಿದ್ದರೂ ಬಿಟ್ಟಿರುತ್ತಾರೆ.

ಆ ತಮ್ಮ ಥಿಯೋ ಲೇಖನದಲ್ಲಿ ಎಲ್ಲೂ ಇಲ್ಲ. ವರ್ಷಗಟ್ಟಲೆ ದುಡ್ಡು ಕಳಿಸಿದವನು ಅವನು. ಬಣ್ಣ, ಕ್ಯಾನ್ವಾಸು ಕಳಿಸಿದವನೂ ಅವನೇ. ಅಣ್ಣ 1890ರ ಜುಲೈಯಲ್ಲಿ ಸತ್ತ, ಆರು ತಿಂಗಳಲ್ಲಿ ಥಿಯೋನೂ ಸತ್ತ. ಅವನ ಹೆಂಡತಿ ಜೊಹಾನ್ನಾ ಚಿಕ್ಕ ಮಗುವನ್ನು ಕಟ್ಟಿಕೊಂಡು, ಯಾರೂ ಕೇಳದ ಚಿತ್ರಗಳನ್ನು ಕಾಪಾಡಿ, ಪ್ರದರ್ಶನ ಮಾಡಿಸಿ, ಕಾಗದಗಳನ್ನು 1914ರಲ್ಲಿ ಅಚ್ಚು ಹಾಕಿಸಿದಳು. ಅವಳಿಲ್ಲದಿದ್ದರೆ ನಿಮ್ಮ ಪುರವಣಿಗೆ ಆ ಚಿತ್ರ ಹಾಕಲು ಸಿಗುತ್ತಿತ್ತೋ ಇಲ್ಲವೋ. ಕಿವಿ ಕೊಯ್ದುಕೊಂಡದ್ದು ಎಲ್ಲರಿಗೂ ಗೊತ್ತು. ಖರ್ಚು ಹೊತ್ತವರ ಹೆಸರು ಯಾರಿಗೂ ಬೇಡ.

ಇನ್ನು ಬೇಂದ್ರೆ. ನಮ್ಮ ಕಡೆಯವರಿಗೆ ಅವರ ವಿಷಯ ಮಾತಾಡುವಾಗ ಬಾಯಿ ತಾನೇ ಮೆತ್ತಗಾಗುತ್ತದೆ. ಮಗು ಸತ್ತ ಮನೆಯಲ್ಲಿ ಹೆಂಡತಿ ಗಂಡನನ್ನು ನೋಡುವ ನೋಟದ ಮೇಲೆ ಬರೆದ 'ನೀ ಹೀಂಗ ನೋಡಬ್ಯಾಡ ನನ್ನ' ಕವಿತೆಯನ್ನು ಲೇಖಕರು ನೋವಿನ ಸಾಕ್ಷಿಯಾಗಿ ತಂದಿದ್ದಾರೆ. ಸರಿ. ಆದರೆ ಒಂದು ಕೇಳುತ್ತೇನೆ. ಆ ಮನೆಯಲ್ಲಿ ದುಃಖ ಪಟ್ಟವರು ಇಬ್ಬರು. ಮಗುವನ್ನು ಹೆತ್ತವಳ ದುಃಖ ಕಡಿಮೆಯದೇ? ನೋವೇ ಕವಿತೆ ಬರೆಸುವುದಾದರೆ ಲಕ್ಷ್ಮೀಬಾಯಿಯವರು ಗಂಡನಿಗಿಂತ ದೊಡ್ಡ ಕವಿ ಆಗಬೇಕಿತ್ತಲ್ಲವೇ? ನೋವು ಇಬ್ಬರಿಗೂ ಬಂತು. ಹಾಡಿನ ಧಾಟಿ, ಜನರ ಮಾತಿನ ಲಯ, ವರ್ಷಗಟ್ಟಲೆ ಪಳಗಿದ ಕಿವಿ ಒಬ್ಬರಲ್ಲಿತ್ತು. ಓದಿ ಹೇಳಿದರೆ ಕೇಳುವ ಗೆಳೆಯರ ಗುಂಪು ಧಾರವಾಡದಲ್ಲಿ ಒಬ್ಬರಿಗಿತ್ತು. ಅದೇ ಬೇಂದ್ರೆ 'ಕುಣಿಯೋಣು ಬಾರಾ' ಅಂತಲೂ ಬರೆದರು, ಪಾತರಗಿತ್ತಿಯ ಮೇಲೂ ಬರೆದರು. ಆ ಕುಣಿತ ಯಾವ ನೋವಿನ ಲೆಕ್ಕಕ್ಕೆ ಹಾಕುತ್ತೀರಿ?

ನಮ್ಮ ಹೆಣ್ಣುಮಕ್ಕಳು ದುಃಖವನ್ನು ಹಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಅಜ್ಜಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದಳು. ತವರಿನ ನೆನಪು, ಸತ್ತ ಕೂಸು, ಅತ್ತೆಯ ಕಾಟ ಎಲ್ಲ ಬರುತ್ತಿತ್ತು. ಆದರೆ ತ್ರಿಪದಿಯ ಮೂರು ಸಾಲು ಅವಳಿಗೆ ಅವಳ ತಾಯಿಯಿಂದ ಬಂದದ್ದು. ಕಲ್ಲು ತಿರುಗುವ ವೇಗಕ್ಕೆ ಸಾಲು ಹೊಂದಬೇಕು. ಜೊತೆಗೆ ಎದುರು ಕೂತು ಗೂಟ ಹಿಡಿದು ದನಿಗೂಡಿಸುವ ಇನ್ನೊಬ್ಬಳು ಬೇಕು. ಒಬ್ಬಳೇ ಮೂಲೆಯಲ್ಲಿ ಕೂತು ಅತ್ತಾಗ ಅವಳೂ ಸುಮ್ಮನೆ ಅಳುತ್ತಿದ್ದಳು, ಹಾಡುತ್ತಿರಲಿಲ್ಲ.

ಈಗ ನನ್ನ ಕಸುಬಿನ ಒಂದು ವಿಷಯ ಹೇಳುತ್ತೇನೆ, ಇದು ನಿಮ್ಮ ಲೇಖಕರಿಗೆ ಗೊತ್ತಿರುವ ಸಾಧ್ಯತೆ ಇಲ್ಲ. ಪ್ರೆಸ್ಸಿನ ಹೊಟ್ಟೆ ತುಂಬುವುದು ಕವಿತಾ ಸಂಕಲನಗಳಿಂದಲ್ಲ. ಮದುವೆ ಕಾರ್ಡು, ಬಿಲ್ ಬುಕ್ಕು, ಮತ್ತೆ ಶಿವಗಣಾರಾಧನೆಯ ಪತ್ರಿಕೆ, ಪುಣ್ಯಸ್ಮರಣೆಯ ಕಾರ್ಡುಗಳಿಂದ. ಸತ್ತವರ ಮನೆಯವರು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಮೂರು ದಿನದಿಂದ ಸರಿಯಾಗಿ ಉಂಡಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಫೋಟೋ ಕೊಟ್ಟು, 'ಮ್ಯಾಲೆ ಒಂದು ಛಲೋ ಕವನ ಹಾಕ್ರಿ' ಅನ್ನುತ್ತಿದ್ದರು. ನೀವೇ ಬರೆಯಿರಿ ಎಂದರೆ ಪೆನ್ನು ಹಿಡಿದು ಕೂತು, ಸ್ವಲ್ಪ ಹೊತ್ತಿಗೆ ಕಾಗದ ವಾಪಸ್ ಕೊಡುತ್ತಿದ್ದರು. ಅದಕ್ಕೇ ನಮ್ಮಲ್ಲಿ ನಾಲ್ಕು ಸಾಲಿನ ಒಂದು ಪದ್ಯವನ್ನು ಮೊಳೆ ಜೋಡಿಸಿ, ದಾರ ಕಟ್ಟಿ, ಗ್ಯಾಲಿ ಎಂಬ ತಟ್ಟೆಯಲ್ಲಿ ಹಾಗೇ ಇಟ್ಟಿದ್ದೆವು. ಬಾಳಿನ ದೀಪ, ಬಾಡದ ಹೂ, ಮರೆಯದ ಮಾಣಿಕ್ಯ, ಎಲ್ಲ ಇತ್ತು ಅದರಲ್ಲಿ. ಹೆಸರು, ತಿಥಿ, ಫೋಟೋದ ಬ್ಲಾಕು ಬದಲಾಗುತ್ತಿತ್ತು. ಪದ್ಯ ಬದಲಾಗುತ್ತಿರಲಿಲ್ಲ. ಎಳೆ ಮಗನನ್ನು ಕಳೆದುಕೊಂಡ ತಂದೆಗೂ ಅದೇ, ತೊಂಬತ್ತು ದಾಟಿದ ಅಜ್ಜನಿಗೂ ಅದೇ. ಮೊಳೆ ಸವೆದು ಅಕ್ಷರ ಮಸುಕಾದಾಗ ಹೊಸ ಮೊಳೆಯಲ್ಲಿ ಅದನ್ನೇ ಮತ್ತೆ ಜೋಡಿಸಿದೆವು.

ಆ ಜನರ ದುಃಖ ಸುಳ್ಳೇ? ಅಲ್ಲ. ಅಷ್ಟು ನಿಜವಾದ ದುಃಖವನ್ನು ನಾನು ಯಾವ ಕವಿಗೋಷ್ಠಿಯಲ್ಲೂ ನೋಡಿಲ್ಲ. ಆದರೂ ಅದರಿಂದ ಒಂದು ಸಾಲು ಹುಟ್ಟಲಿಲ್ಲ.

ಇದಕ್ಕೆ ವಿರುದ್ಧವಾದದ್ದೂ ನೋಡಿದ್ದೇನೆ. ಹೆಂಡತಿ ತೀರಿಕೊಂಡ ಮೇಲೆ ಅವಳ ನೆನಪಿಗೆ ಕವಿತೆ ಬರೆದ ಒಬ್ಬ ಮೇಷ್ಟ್ರು ಪುಸ್ತಕ ಮಾಡಿಸಲು ಬಂದರು. ಸಾವು ಆಗಿ ಬಹಳ ಕಾಲ ಆಗಿತ್ತು. ಒಂದೊಂದು ಫಾರ್ಮಿನ ಪ್ರೂಫನ್ನೂ ಕೆಂಪು ಶಾಯಿಯಿಂದ ತುಂಬಿಸಿ ಕಳಿಸುತ್ತಿದ್ದರು. ಒಂದು ಕಡೆ 'ಹೋದಳು' ಬೇಕೋ 'ಹೋದಾಳು' ಬೇಕೋ ಎಂದು ನಮ್ಮ ಎದುರೇ ಕೂತು ಚಹಾ ಆರುವವರೆಗೆ ತಲೆ ಕೆಡಿಸಿಕೊಂಡರು. ಆಗ ಅವರ ಕಣ್ಣಲ್ಲಿ ನೀರಿರಲಿಲ್ಲ, ಕನ್ನಡಕ ಇತ್ತು. ಆ ಪುಸ್ತಕ ಕಂಪೋಸ್ ಮಾಡುವಾಗ ಅತ್ತದ್ದು ನಾನು.

ಇಲ್ಲಿ ನಮ್ಮೂರಿನ ದೊಡ್ಡ ಕವಿಯನ್ನು ನೆನೆಯದೆ ಮುಂದೆ ಹೋಗಬಾರದು. ಕುಮಾರವ್ಯಾಸ ವೀರನಾರಾಯಣ ಗುಡಿಯ ಕಂಬದ ಹತ್ತಿರ ಕೂತು, ಮಿಂದು ಉಟ್ಟ ಒದ್ದೆ ಬಟ್ಟೆ ಆರುವವರೆಗೆ ಬರೆಯುತ್ತಿದ್ದ ಎಂದು ಗದಗಿನಲ್ಲಿ ಹೇಳುತ್ತಾರೆ. ಹಲಗೆ ಬಳಪ ಹಿಡಿಯುವುದಿಲ್ಲ, ಇಟ್ಟ ಪದ ಅಳಿಸುವುದಿಲ್ಲ ಎಂದು ಆತನೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಇಟ್ಟ ಪದ ಅಳಿಸದ ಕವಿ ಇಡೀ ನನ್ನ ಕಸುಬಿನಲ್ಲಿ ನನಗೆ ಸಿಕ್ಕಿಲ್ಲ, ಅದು ಬೇರೆ ಮಾತು. ಆದರೆ ಆ ಕಥೆಯಲ್ಲಿ ಎಲ್ಲೂ ಕಣ್ಣೀರಿಲ್ಲ, ನೋಡಿ. ಒದ್ದೆ ಬಟ್ಟೆ ಇದೆ, ದಿನಾ ಕೂರುವ ಜಾಗ ಇದೆ, ಎದ್ದೇಳುವ ಹೊತ್ತು ಇದೆ.

ನೋವು ಉಂಡ ಕವಿ ನೋವನ್ನೇ ಬರೆಯುತ್ತಾನೆ ಎಂಬುದೂ ಸುಳ್ಳು. ಮುದ್ದಣನನ್ನು ನೋಡಿ. ಕಾರ್ಕಳದ ಹತ್ತಿರದ ನಂದಳಿಕೆಯವನು, 1870ರಲ್ಲಿ ಹುಟ್ಟಿದ. ಬಡತನ. ಉಡುಪಿಯಲ್ಲಿ ಹುಡುಗರಿಗೆ ವ್ಯಾಯಾಮ ಕಲಿಸುವ ಮೇಷ್ಟ್ರ ಕೆಲಸ. ಮೈಯಲ್ಲಿ ಕ್ಷಯ. ತನ್ನ ಕೃತಿಯನ್ನು ತನ್ನದು ಎಂದು ಹೇಳಿಕೊಳ್ಳದೆ, ಯಾವುದೋ ಹಳೆಯ ಕವಿಯದು ಎಂಬಂತೆ ಮೈಸೂರಿಗೆ ಕಳಿಸಿದ. 1901ರಲ್ಲಿ, 31ನೇ ವಯಸ್ಸಿಗೆ ಸತ್ತ. ನಿಮ್ಮ ಲೇಖಕರ ಲೆಕ್ಕದಲ್ಲಿ ಅವನ ಪುಟಗಳು ರಕ್ತ ಕಾರಬೇಕಿತ್ತು. ಅವನು ಬರೆದದ್ದು ಏನು? ಮಳೆಗಾಲದ ಸಂಜೆ ಮನೆಗೆ ಬಂದ ಗಂಡನನ್ನು ಮನೋರಮೆ ಕಾಲೆಳೆಯುವ ಮಾತುಕತೆ. ಗಂಡ ಕಥೆ ಹೇಳುತ್ತೇನೆ ಅನ್ನುತ್ತಾನೆ, ಅವಳು ಪದ್ಯ ಬೇಡ, ಗದ್ಯ ಸಾಕು ಅನ್ನುತ್ತಾಳೆ. ಅವನು ಸಂಸ್ಕೃತ ಸೇರಿಸಿದರೆ, ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದ ಹಾಗಾಯ್ತು ಎಂದು ಬಾಯಿ ಮುಚ್ಚಿಸುತ್ತಾಳೆ. ಕನ್ನಡದಲ್ಲಿ ಗಂಡ-ಹೆಂಡಿರ ನಗುವನ್ನು ಇಷ್ಟು ಚೆಂದ ಬರೆದವರು ಕಡಿಮೆ. ಕೆಮ್ಮುವ ಎದೆಯಿಂದ ಅದು ಬಂತು. ಕೆಮ್ಮಿನಿಂದ ಬರಲಿಲ್ಲ.

ನಮ್ಮ ತಾಲ್ಲೂಕಿನ ಹೊಂಬಳದ ಚೆನ್ನವೀರ ಕಣವಿಯವರೂ ಇದ್ದಾರೆ. ಸದ್ದುಗದ್ದಲ ಇಲ್ಲದ ಮನುಷ್ಯ. ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ ದಶಕಗಟ್ಟಲೆ ಪುಸ್ತಕ ಅಚ್ಚು ಮಾಡಿಸುವ ಕೆಲಸ ಮಾಡಿದರು, ತಾವೂ ಬರೆದರು, 93 ವರ್ಷ ಬಾಳಿದರು. ಅಂಥವರ ಮೇಲೆ ಪುರವಣಿಯ ಮುಖಪುಟ ಲೇಖನ ಬರುವುದಿಲ್ಲ. ಯಾಕೆಂದರೆ ಕಥೆ ಇಲ್ಲ. ಹೊತ್ತಿಗೆ ಸರಿಯಾಗಿ ಆಫೀಸಿಗೆ ಹೋಗುವ ಕವಿಯ ಮೇಲೆ ಏನು ಬರೆಯುತ್ತೀರಿ?

ಗದಗಿಗೆ ಬಂದವರು ವೀರೇಶ್ವರ ಪುಣ್ಯಾಶ್ರಮ ನೋಡಿರುತ್ತೀರಿ. ಪಂಚಾಕ್ಷರ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ಹೊರಗಿನಿಂದ ಬಂದವರು 'ದೇವರು ಕಣ್ಣು ಕಿತ್ತುಕೊಂಡು ಕಂಠ ಕೊಟ್ಟ' ಎಂದು ಕೈ ಮುಗಿಯುತ್ತಾರೆ. ಭಕ್ತಿಯಿಂದಲೇ ಅನ್ನುತ್ತಾರೆ, ಬಿಡಿ. ಆದರೆ ನಮ್ಮ ಹಳ್ಳಿಗಳಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಮನೆಯ ಕಟ್ಟೆ ಮತ್ತು ಭಿಕ್ಷೆಯ ತಟ್ಟೆ ಬಿಟ್ಟರೆ ಏನೂ ಸಿಗಲಿಲ್ಲ. ಅವರಿಗೆ ದೇವರು ಕಂಠ ಕೊಡಲು ಮರೆತನೇ? ಪಂಚಾಕ್ಷರ ಗವಾಯಿಗಳಿಗೆ ಹಾನಗಲ್ಲ ಕುಮಾರಸ್ವಾಮಿಗಳು ಸಿಕ್ಕರು, ವಿದ್ಯೆ ಕೊಡಿಸಿದರು. ಗವಾಯಿಗಳು ಅಂಥದೇ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ ಕಲಿಸಿದರು. ಆ ಮಕ್ಕಳ ಹೊಟ್ಟೆಗೆ ನಾಟಕ ಕಂಪನಿ ನಡೆಸಿದರು. ಕಣ್ಣಿದ್ದ ಬಡ ಮಕ್ಕಳೂ ಅಲ್ಲಿ ಉಂಡು ಕಲಿತರು. ವೆಂಕಟೇಶ ಕುಮಾರ್ ಅವರಂಥ ದೊಡ್ಡ ಗಾಯಕರು ಅಲ್ಲಿಂದಲೇ ಬಂದವರು. ಬೆಳಗಿನ ಜಾವ ಎಬ್ಬಿಸುವ ಗುರು, ಮಧ್ಯಾಹ್ನದ ದಾಸೋಹ, ಪಕ್ಕದಲ್ಲಿ ತಪ್ಪು ಹಿಡಿಯುವ ಗೆಳೆಯ. ಕಂಠ ಅಲ್ಲಿಂದ ಬಂತು. ನೋವಿಗೆ ಹಾರ ಹಾಕಿದರೆ ಆ ದಾಸೋಹಕ್ಕೆ ಅಕ್ಕಿ ಕೊಟ್ಟವರಿಗೆ ಏನು ಉಳಿಯಿತು?

ಹಾಗಾದರೆ ಕಲೆಗೂ ಮನಸ್ಸಿನ ಕಾಯಿಲೆಗೂ ನಂಟೇ ಇಲ್ಲವೇ? ಇದನ್ನು ತಮ್ಮನ ಡಾಕ್ಟರನ್ನೇ ಕೇಳಿದೆ. ಇದೆ ಅಂದರು. ಅಮೆರಿಕದ ನ್ಯಾನ್ಸಿ ಆಂಡ್ರಿಯಾಸನ್ ಎಂಬ ಮನೋವೈದ್ಯೆ ಅಯೋವಾದ 30 ಲೇಖಕರನ್ನು ಮಾತಾಡಿಸಿ 1987ರಲ್ಲಿ ಪ್ರಕಟಿಸಿದರಂತೆ. ಲೇಖಕರಲ್ಲಿ ನೂರಕ್ಕೆ 80 ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಮನಸ್ಸಿನ ಏರಿಳಿತದ ಕಾಯಿಲೆ ಬಂದಿತ್ತು. ಹೋಲಿಕೆಗೆ ತೆಗೆದುಕೊಂಡ ಬೇರೆ ಕಸುಬಿನವರಲ್ಲಿ ನೂರಕ್ಕೆ 30. ಚಿಕ್ಕ ಗುಂಪು, ಆದರೂ ವ್ಯತ್ಯಾಸ ದೊಡ್ಡದು. ಲೇಖನಗಳಲ್ಲಿ ಈ 80 ಎಂಬ ಅಂಕಿ ಮಾತ್ರ ಬರುತ್ತದೆ. ಆ ಲೇಖಕರು ಬರೆದದ್ದು ಕಾಯಿಲೆ ಇಲ್ಲದ ದಿನಗಳಲ್ಲಿ ಎಂದು ಅದೇ ವೈದ್ಯೆ ಹೇಳಿದ್ದು ಬರುವುದಿಲ್ಲ. ಸ್ವೀಡನ್ನಿನಲ್ಲಿ ಲಕ್ಷಗಟ್ಟಲೆ ರೋಗಿಗಳ ದಾಖಲೆ ತೆಗೆದು ನೋಡಿದಾಗ, ಬೈಪೋಲಾರ್ ಇದ್ದವರ ಆರೋಗ್ಯವಂತ ಒಡಹುಟ್ಟಿದವರೂ ಕಲೆಯ ಕಸುಬಿನಲ್ಲಿ ಜಾಸ್ತಿ ಕಂಡರಂತೆ. ಇದನ್ನು ಕೇಳಿ ನನಗೆ ನಗು ಬಂತು. ಆ ಲೆಕ್ಕದಲ್ಲಿ ನಾನೂ ನಾಲ್ಕು ಪುಸ್ತಕ ಬರೆದಿರಬೇಕಿತ್ತು.

ತಮ್ಮನಿಗೆ ಬೇಕಾದದ್ದು ಇನ್ನೊಂದು ಲೆಕ್ಕ. ಡೆನ್ಮಾರ್ಕಿನ ಮೊಗೆನ್ಸ್ ಸ್ಕೌ ಎಂಬ ವೈದ್ಯರು, ಈ ಕಾಯಿಲೆಗೆ ಕೊಡುವ ಲಿಥಿಯಂ ಗುಳಿಗೆ ತೆಗೆದುಕೊಳ್ಳುತ್ತಿದ್ದ 24 ಕಲಾವಿದರನ್ನು, ಲೇಖಕರನ್ನು ಕೇಳಿ 1979ರಲ್ಲಿ ಬರೆದರು. 12 ಮಂದಿ ಮೊದಲಿಗಿಂತ ಕೆಲಸ ಜಾಸ್ತಿ ಆಗಿದೆ ಅಂದರು. 6 ಮಂದಿ ವ್ಯತ್ಯಾಸ ಇಲ್ಲ ಅಂದರು. 6 ಮಂದಿ ಕಡಿಮೆ ಆಗಿದೆ ಅಂದರು.

ಈ ಪತ್ರದ ಕರಡನ್ನು ತಮ್ಮನಿಗೆ ಓದಲು ಕೊಟ್ಟಿದ್ದೆ. ಅವನನ್ನು ಕೇಳದೆ ಅವನ ವಿಷಯ ಬರೆಯಬಾರದಲ್ಲ. ಎಲ್ಲ ಓದಿ, ಈ ಲೆಕ್ಕದ ಹತ್ತಿರ ಬೆರಳಿಟ್ಟ. 'ಅಣ್ಣಾ, ಈ ಕಡೀ ಆರು ಮಂದಿನ್ನ ಸಣ್ಣಂಗ ದಾಟಿಸಿಬಿಟ್ಟಿಯಲ್ಲ' ಅಂದ. 'ಗುಳಿಗಿ ಏನೂ ತಗೊಂಡು ಹೋಗಂಗಿಲ್ಲ ಅಂತ ಬರೀಬ್ಯಾಡ. ಮೊದಲಿಗೆ ಕೈ ನಡುಗಿ ಎಳಿ ಹರೀತಿದ್ವು, ನಿನಗ ಗೊತ್ತೈತಿ. ಆ ರಾತ್ರಿ ಹಾಡು ತಾವ ಬರೋವು, ಈಗ ನಾ ಕರೀಬೇಕು. ಆ ರಾತ್ರಿ ಭಾಳ ಛಲೋ ಇದ್ವು.' ಒಳಗಿನಿಂದ ಅವನ ಹೆಂಡತಿ, 'ನಿಮಗ ಛಲೋ ಇದ್ವು' ಅಂದಳು. ಅವನು ನಕ್ಕ. ಇದನ್ನೂ ಬರಿ ಅಂದ. ಬರೆದಿದ್ದೇನೆ.

ಕೈ ನಡುಕಕ್ಕೆ ಅವನು ಡಾಕ್ಟರಿಗೆ ಹೇಳಿದ ಮೇಲೆ ಅವರು ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ಇಳಿಸಿದರು, ಎಳೆ ಹರಿಯುವುದು ನಿಂತಿತು. ಅಂದರೆ ಗುಳಿಗೆಯಿಂದ ತೊಂದರೆ ಆದರೆ ಹೇಳಿಕೊಳ್ಳುವ ಜಾಗ ಡಾಕ್ಟರ ಕೋಣೆ. ಸಾಹಿತ್ಯ ಸಮಾರಂಭದ ಊಟದ ಸಾಲು ಅಲ್ಲ, ಪತ್ರಿಕೆಯ ಪುರವಣಿಯೂ ಅಲ್ಲ. ಮತ್ತೆ, ಪ್ರತಿ ದುಃಖಕ್ಕೂ ಗುಳಿಗೆ ಬೇಕು ಎಂದೂ ನಾನು ವಾದಿಸುತ್ತಿಲ್ಲ. ಬೇಕೋ ಬೇಡವೋ ಎಂದು ಹೇಳಬೇಕಾದವರು ಕಾವ್ಯದ ಭವಿಷ್ಯ ನೋಡುವವರಲ್ಲ, ಅಷ್ಟೇ.

ಸಂಪಾದಕರೇ, ಪತ್ರ ಉದ್ದವಾಯಿತು. ಜಾಗದ ಕಷ್ಟ ನನಗೆ ಗೊತ್ತು, ಅದೇ ಕಸುಬಿನವನು. ಕತ್ತರಿಸುವುದಾದರೆ ವ್ಯಾನ್ ಗೋನಿಂದ ಕತ್ತರಿಸಿ, ಅವನಿಗೆ ಬೇರೆ ಕಡೆ ಜಾಗ ಸಿಗುತ್ತದೆ. ಆದರೆ ಒಂದು ನಂಬರ್ ಉಳಿಸಿ: 14416. ಇದು ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ, 2022ರಿಂದ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕಲಾವಿದರ ನೋವಿನ ಮೇಲೆ ಲೇಖನ ಹಾಕುವಾಗಲೆಲ್ಲ ಕೆಳಗೆ ಒಂದು ಸಾಲು ಇದನ್ನೂ ಹಾಕಿ. ಎಂಟು ಪಾಯಿಂಟಿನ ಸಣ್ಣ ಅಕ್ಷರದಲ್ಲಾದರೂ ಹಾಕಿ.

ಇನ್ನೊಂದು ಮಾತು. ಕವಿಗಳ ನೋವಿನ ಬಗ್ಗೆ ಇಷ್ಟು ಕಾಳಜಿ ಇರುವ ಪುರವಣಿಗಳು ಪ್ರಕಟಿಸಿದ ಕವಿತೆಗೆ ಸಂಭಾವನೆ ಕೊಟ್ಟರೆ ಕೆಲವು ನೋವಾದರೂ ಕಡಿಮೆ ಆದಾವು. ಯಾವ ಪತ್ರಿಕೆ ಎಂದು ನಾನು ಹೇಳುವುದಿಲ್ಲ.

ಮುಂದೆ ಈ ವಿಷಯದ ಮೇಲೆ ಮತ್ತೆ ಬರೆಸುವುದಾದರೆ ಕವಿಯ ಮನೆಯವರಿಂದ ಬರೆಸಿ. ನನ್ನ ತಮ್ಮನ ಹೆಂಡತಿಗೆ ಹೇಳುವುದು ಬಹಳ ಇದೆ, ಬರೆಯಲು ಅವಳಿಗೆ ಪುರುಸೊತ್ತಿಲ್ಲ. ನಿಮ್ಮ ಕಡೆಯಿಂದ ಯಾರನ್ನಾದರೂ ಕಳಿಸಿದರೆ ಹೇಳುತ್ತಾಳಂತೆ. ಬೆಳಿಗ್ಗೆ ಬರಬೇಡಿ, ಮಗ್ಗದ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಸಂಜೆ ಆರರ ಮೇಲೆ ಬಂದರೆ ಚಹಾ ಕುಡಿದು ಮಾತಾಡಬಹುದು. ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದು ಲಗತ್ತಿಸಿದ್ದೇನೆ, ಅದನ್ನು ಅಚ್ಚು ಹಾಕಬೇಡಿ. ನನ್ನ ಹೆಸರೂ ಬೇಡ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು.

ಇಂತಿ,
ನಿಮ್ಮ ಹಳೆಯ ಓದುಗ,
ಗದಗ-ಬೆಟಗೇರಿ